ಆಗು, ಆಗೆ

ನಮ್ಮ ಸಣ್ಣ ಹಳಿಯ ಡೀಸೆಲ್ ಎಂಜಿನ್ನಿಗೆ ಒಂದೇ ತುದಿಯಲ್ಲಿ ಕ್ಯಾಬಿನ್ ಇತ್ತು. ಇದನ್ನು ಧೈರ್ಯವಾಗಿ ಬರೆಯಬಲ್ಲೆ, ಏಕೆಂದರೆ ಇದು ನನ್ನ ನೆನಪಲ್ಲ, ಅಪ್ಪನ ಟ್ರಂಕಿನಲ್ಲಿರುವ ಫೋಟೋದಲ್ಲಿದೆ. ಎಂಜಿನ್ನಿನ ಬಣ್ಣ ನೀಲಿ ಎಂದು ನನಗೆ ನೆನಪು. ಕೆಂಪು ಎನ್ನುತ್ತಾರೆ ಅಪ್ಪ. ಫೋಟೋ ಕಪ್ಪುಬಿಳುಪು.

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರದ ಕಡೆಗೆ ಹೋಗುತ್ತಿದ್ದ ಆ ಹಳಿಯ ಅಗಲ ಎರಡೂವರೆ ಅಡಿ. ಅಪ್ಪ ಅಲ್ಲಿ ಅಸಿಸ್ಟೆಂಟ್ ಡ್ರೈವರ್ ಆಗಿದ್ದರು. ಎಂಜಿನ್ನಿನ ಜಾತಿಗೆ ಝಡ್, ಡಿ, ಎಂ ಎಂಬ ಮೂರಕ್ಷರ. ಝಡ್ ಅಂದರೆ ಎರಡೂವರೆ ಅಡಿಯ ಹಳಿ, ಡಿ ಅಂದರೆ ಡೀಸೆಲ್, ಎಂ ಅಂದರೆ ಮಿಕ್ಸೆಡ್, ಜನರನ್ನೂ ಸಾಮಾನನ್ನೂ ಎಳೆಯುವಂಥದ್ದು. ಮುಂದೆ ಒಂದು ಅಂಕಿ ಬರುತ್ತದೆ. ಅದನ್ನು ಹಿಂದೆ ಎಷ್ಟೋ ಜನರಿಗೆ ಖಚಿತವಾಗಿ ಹೇಳಿದ್ದೇನೆ. ಈಗ ನೋಡಿದರೆ ಪ್ರತಿಸಲ ಬೇರೆ ಬೇರೆ ಅಂಕಿ ಹೇಳಿರುವಂತೆ ತೋರುತ್ತದೆ, ಆದ್ದರಿಂದ ಬಿಡುತ್ತೇನೆ.

ಭಾರ ತಾಳದ ತೆಳು ಹಳಿಗೆಂದೇ ಮಾಡಿದ್ದರಿಂದ ಅದರ ತೂಕವನ್ನು ನಾಲ್ಕು ಆಕ್ಸಲ್‌ಗಳಿಗೆ ಹಂಚಿದ್ದರು. ದೊಡ್ಡ ಡೀಸೆಲ್‌ಗಳಲ್ಲಿ ಎಂಜಿನ್ ಕರೆಂಟ್ ಹುಟ್ಟಿಸುತ್ತದೆ, ಕರೆಂಟ್ ಚಕ್ರ ತಿರುಗಿಸುತ್ತದೆ. ಇದರಲ್ಲಿ ಬಲವೆಲ್ಲ ಎಣ್ಣೆಯ ಮೂಲಕವೇ ಚಕ್ರಕ್ಕೆ ಹೋಗಬೇಕು. "ಎಣ್ಣೆ ತಳ್ತದೆ, ಗಾಡಿ ಹೋಗ್ತದೆ, ಅಷ್ಟೇ ಕಣಮ್ಮ," ಎಂದು ಅಪ್ಪ ನನಗೆ ಕಲಿಸಿದ ಭೌತಶಾಸ್ತ್ರ ಮುಗಿಯುತ್ತಿತ್ತು.

ಕ್ಯಾಬಿನ್ ಮುಂದಿಟ್ಟುಕೊಂಡು ಓಡಿದರೆ ಇಬ್ಬರಿಗೂ ದಾರಿ ಕಾಣುತ್ತದೆ. ವಾಪಸ್ ಬರುವಾಗ ಎಂಜಿನ್ ತಿರುಗಿಸದಿದ್ದರೆ ಉದ್ದನೆಯ ಬಾನೆಟ್ ಮುಂದಾಗುತ್ತದೆ. ಆಗ ಡ್ರೈವರಿಗೆ ಕಾಣುವುದು ತನ್ನ ಪಕ್ಕ ಮಾತ್ರ. ಆಚೆ ಪಕ್ಕಕ್ಕೆ ತಿರುವು ಬಂದರೆ ಅಲ್ಲಿ ನಿಂತ ಅಸಿಸ್ಟೆಂಟ್ ನೋಡಿ ಕೂಗಬೇಕು. ಕಲ್ಲಿದ್ದಲಿನ ಎಂಜಿನ್‌ಗಳಲ್ಲಿ ಬಾಯ್ಲರ್ ಪಕ್ಕದಿಂದ ಇಣುಕಿ ಓಡಿಸಿದವರಿಗೆ ಇದೇನೂ ಹೊಸದಾಗಿರಲಿಲ್ಲ. ಬೇರೆ ಕಡೆ ಇದೇ ಬಗೆಯ ಎಂಜಿನ್‌ಗಳಿಗೆ ಆಮೇಲೆ ಎರಡೂ ತುದಿಗೆ ಕ್ಯಾಬಿನ್ ಕಟ್ಟಿದರಂತೆ. ನಮ್ಮ ಕಡೆಯದಕ್ಕೆ ಕಟ್ಟಲಿಲ್ಲ.

ಅಪ್ಪನ ಜೊತೆಯ ಡ್ರೈವರ್ ಚಿಂತಾಮಣಿ ಊರಿನವರು, ಮನೆಯಲ್ಲಿ ಉರ್ದು. ಅಪ್ಪ ಅವರನ್ನು ಸಾಬ್ರೇ ಎನ್ನುತ್ತಿದ್ದರು. ಅಪ್ಪ ಅಜ್ಜಿಯ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಎಂಜಿನ್ನಿನೊಳಗೆ ಇಬ್ಬರದೂ ಕನ್ನಡ.

ನಾನು ಕಾಲೇಜಿನಲ್ಲಿದ್ದಾಗ ಒಂದು ಮಧ್ಯಾಹ್ನ ಬಾನೆಟ್ ಮುಂದಾಗಿ ಬರುತ್ತಿದ್ದ ಗಾಡಿ, ಗೇಟಿಲ್ಲದ ಕಡೆ ಹಳಿ ದಾಟುತ್ತಿದ್ದ ಹಿಪ್ಪುನೇರಳೆ ಸೊಪ್ಪಿನ ಎತ್ತಿನಗಾಡಿಗೆ ಗುದ್ದಿತು. ತಿರುವು ಅಪ್ಪನ ಪಕ್ಕಕ್ಕಿತ್ತು. ಎತ್ತಿನಗಾಡಿಯವನು ನೆಗೆದು ಉಳಿದುಕೊಂಡ. ಒಂದು ಎತ್ತು ಸತ್ತಿತು. "ನಿಲ್ಸಿ ಅಂತ ಕೂಗ್ದೆ, ಬ್ರೇಕ್ ಹಾಕ್ಲಿಲ್ಲ," ಎಂದರು ಅಪ್ಪ. "ಮುಂದೆ ಹೋಗು ಅಂತ ಕೂಗ್ದ, ಹೋದೆ," ಎಂದರು ಸಾಬರು. ತಪ್ಪು ಯಾರದೆಂದು ತೀರ್ಮಾನವಾಗಲೇ ಇಲ್ಲ. ಇಬ್ಬರೂ ಬೇರೆ ಬೇರೆ ಜೊತೆಗಾರರನ್ನು ಕೇಳಿ ತೆಗೆದುಕೊಂಡರು, ಮಾತು ನಿಂತಿತು. ಸಣ್ಣ ಹಳಿ ಹೋಗಿ ಅಗಲ ಹಳಿ ಬಂದ ಮೇಲೂ ಮಾತು ಶುರುವಾಗಲಿಲ್ಲ.

ಕಳೆದ ತಿಂಗಳು ಸಾಬರು ನನಗೆ ಫೋನ್ ಮಾಡಿದರು. "ನಿಮ್ಮಪ್ಪನ್ನ ಒಂದು ಸಲ ಕರ್ಕೊಂಡು ಬಾರಮ್ಮ. ನಂಗೆ ಕಣ್ಣು ಹೋಗ್ತಾ ಇದೆ. ಡಾಕ್ಟ್ರು ಇನ್ನು ಸ್ವಲ್ಪ ದಿನ ಕಾಣ್ತದೆ ಅಷ್ಟೇ ಅಂದವ್ರೆ. ಮುಖ ನೋಡ್ಬೇಕು."

ಅಪ್ಪನಿಗೆ ಹೇಳಿದೆ. "ನಾನು ನಿಲ್ಸಿ ಅಂತ ಕೂಗಿದ್ದು ನಿಜ ಅಂತ ಒಪ್ಕೊಂಡ್ರೆ ಬರ್ತೀನಿ," ಎಂದು ಪೇಪರ್ ತೆರೆದರು. ಎರಡು ವಾರ ಅದೇ ಉತ್ತರ.

ಆಮೇಲೆ ಒಂದು ಬೆಳಿಗ್ಗೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಎದುರು ನಾವಿಬ್ಬರೂ ನಡೆದು ಹೋಗುತ್ತಿದ್ದಾಗ, ರೇಷ್ಮೆಗೂಡಿನ ಮೂಟೆ ತುಂಬಿದ ಲಗೇಜ್ ಆಟೋ ಒಂದು ಹಿಂದಕ್ಕೆ ನನ್ನ ಮೇಲೇ ಬಂತು. ಅಪ್ಪ "ಆಗು! ಆಗು!" ಎಂದು ಚೀರಿದರು. ತೆಲುಗಿನಲ್ಲಿ ಆಗು ಅಂದರೆ ನಿಲ್ಲು. ಆಟೋದವನು ತಪ್ಪಾಗಿ ಕೇಳಿಸಿಕೊಂಡ ಎಂದು ಬರೆಯಲು ಆಸೆ. ಆದರೆ ಅವನು ತಕ್ಷಣ ನಿಲ್ಲಿಸಿ, "ಕಣ್ಣು ಮೇಲಿಟ್ಕೊಂಡು ನಡೀತೀಯೇನಮ್ಮ?" ಎಂದು ನನಗೇ ಬೈದ.

ನಾನು ಮಾತ್ರ ಅಲ್ಲೇ ನಿಂತೆ. ಉರ್ದುವಿನಲ್ಲಿ ಆಗೆ ಅಂದರೆ ಮುಂದೆ. ವ್ಯಾಗನ್ ಜೋಡಿಸುವಾಗ ಅಪ್ಪ ಕೆಳಗಿಳಿದು ಸಾಬರಿಗೆ "ಆಗೆ, ಆಗೆ" ಎಂದೇ ಕೂಗುತ್ತಿದ್ದುದನ್ನು ಪ್ಲಾಟ್‌ಫಾರಂನಿಂದ ಕೇಳಿದ್ದೇನೆ. ಕೇಳಿದ್ದೇನೆ ಅನ್ನಿಸುತ್ತದೆ.

"ಆವತ್ತೂ ಆಗು ಅಂದ್ರಾ ಅಪ್ಪ?"

"ನಿಲ್ಸಿ ಅಂದೆ. ಎಷ್ಟು ಸಲ ಹೇಳೋದು?"

"ಈಗ ಏನಂದ್ರಿ?"

ಅಪ್ಪ ಆಟೋ ಹೋದ ದಿಕ್ಕನ್ನು ನೋಡಿದರು. "ಏನಂದೆ?" ಎಂದು ನನ್ನನ್ನೇ ಕೇಳಿದರು. ಹೇಳಿದೆ. ಮನೆ ತಲುಪಿದೆವು. ಚಪ್ಪಲಿ ಬಿಡುತ್ತಾ, "ಭಾನುವಾರ ಹೋಗಣ," ಎಂದರು.

ರೈಲಿನಲ್ಲೇ ಹೋದೆವು. ಅಪ್ಪ ಕಿಟಕಿಗೆ ಅಂಟಿಕೊಂಡು ಆ ತಿರುವನ್ನು ಹುಡುಕಿದರು. ಮೂರು ಕಡೆ ಇದೇ ಎಂದರು, ಮೂರು ಕಡೆಯೂ ಅಲ್ಲ ಎಂದರು.

ಸಾಬರು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. "ಮುದುಕ ಆಗೋಗಿದ್ದೀಯಲ್ಲೋ ತಮ್ಮ!"

"ನೀವು ಮದುವೆ ಗಂಡಿನಂಗಿದ್ದೀರಿ, ಬಿಡಿ ಸಾಬ್ರೇ."

ಟೀ ಬಂತು. ಮಾತು ಹವೆಯ ಸುತ್ತ, ಮೊಣಕಾಲಿನ ಸುತ್ತ ತಿರುಗಿತು. ಕೊನೆಗೆ ನಾನೇ ಆಗು, ಆಗೆಯ ವಿಷಯ ಹೇಳಿದೆ. ಸಾಬರು ತಲೆಯಾಡಿಸಿದರು. "ನಂಗೆ ತೆಲುಗು ಬರಲ್ವೇನಮ್ಮ? ಚಿಂತಾಮಣೀಲಿ ಹುಟ್ಟಿದೋನು ನಾನು."

ಅದು ನಿಜ. ಆದರೆ ಸಾಬರೇ ಎದ್ದರು. ಅಡುಗೆಮನೆಯಲ್ಲಿ ಸೊಸೆ ಪುದೀನ ಚಟ್ನಿಗೆ ಮಿಕ್ಸಿ ಹಾಕುತ್ತಿದ್ದಳು. ಸಾಬರು ಗೋಡೆ ಸವರಿಕೊಂಡು ಹೋಗಿ ಅದರ ಪಕ್ಕ ನಿಂತು, "ಇದೇ ಎಂಜಿನ್ ಸದ್ದು ಅಂದ್ಕೋ, ಕೂಗೋ ಈಗ!" ಎಂದರು. ಅಪ್ಪ ನಾಚಿಕೆಪಟ್ಟರು. ಆಮೇಲೆ ಜಗುಲಿಯಲ್ಲಿ ನಿಂತು ಗಂಟಲು ಹರಿಯುವಂತೆ "ಆಗು!" ಎಂದು ಕೂಗಿದರು.

ಮಿಕ್ಸಿ ನಿಂತಿತು. "ಏನೂ ಕೇಳಿಸ್ಲಿಲ್ಲ," ಎಂದರು ಸಾಬರು. ಅವರ ಕಿವಿಯೂ ಅಷ್ಟಕ್ಕಷ್ಟೇ.

"ನಂಗೆ ಕೇಳಿಸ್ತು ಮಾಮ," ಎಂದಳು ಸೊಸೆ. "ಆಗೆ ಅಂದ್ರು."

ಅವಳು ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದಳು. ಅವಳ ಸಾಕ್ಷಿಯನ್ನು ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಸಾಬರು ಒಪ್ಪಿದರು. ಬಂದು ಕುರ್ಚಿಯಲ್ಲಿ ಕೂತು, "ಹಂಗಾದ್ರೆ ನೀನು ನಿಲ್ಸೋಕೇ ಕೂಗಿದ್ದೆ," ಎಂದರು.

"ಅದನ್ನೇ ತಾನೇ ನಾನು ಬಡ್ಕೊಂಡಿದ್ದು!"

"ಎತ್ತು ಪಾಪ," ಎಂದರು ಸಾಬರು. ಅಪ್ಪ ಹೂಂ ಎಂದರು. ಊಟ ಮಾಡಿಕೊಂಡೇ ಹೊರಟೆವು.

ವಾಪಸ್ ಬರುವಾಗ ಅಪ್ಪ ಎದುರಿನ ಸೀಟಿನವರಿಗೆ ಇಡೀ ಕಥೆ ಹೇಳಿದರು. "ನಾನು ಮೊದ್ಲಿಂದ ಹೇಳ್ತಾನೇ ಇದ್ದೆ ಸ್ವಾಮಿ, ಆಗು ಅಂದೆ ಅಂತ. ಯಾರೂ ಕೇಳ್ಲಿಲ್ಲ."

ಮನೆಗೆ ಬಂದು ಕಾಲೇಜಿನ ದಿನಗಳ ಡೈರಿ ತೆಗೆದೆ. ಆ ಸಂಜೆಯ ಪುಟದಲ್ಲಿ "ನಿಲ್ಸಿ ಎಂದು ಕೂಗಿದರಂತೆ" ಎಂದೇ ಇದೆ. ಅಪ್ಪನಿಗೆ ತೋರಿಸಲು ಎದ್ದೆ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಆ ಅಕ್ಷರ ನನ್ನದು. ಆಗೆಲ್ಲ ನಾನು ಡೈರಿಯಲ್ಲಿ ಅಚ್ಚ ಕನ್ನಡ ಬರೆಯುವ ಹಟದಲ್ಲಿದ್ದೆ. ಅಜ್ಜಿ ತೆಲುಗಿನಲ್ಲಿ ಅಂದದ್ದೆಲ್ಲ ಅದರಲ್ಲಿ ಕನ್ನಡವಾಗಿಯೇ ಇದೆ. ಆ ಸಂಜೆ ಅಪ್ಪ ಆಗು ಎಂದೇ ಹೇಳಿದ್ದು, ನಾನೇ ಅದನ್ನು ನಿಲ್ಸಿ ಮಾಡಿ, ಆಮೇಲೆ ಮನೆಯಲ್ಲಿ ಹಾಗೇ ಹೇಳಿ ಹೇಳಿ, ಅಪ್ಪನೂ ನನ್ನಿಂದಲೇ ಅದನ್ನು ಕಲಿತಿದ್ದರೆ?

ಡೈರಿ ಮುಚ್ಚಿಟ್ಟೆ. ಹೊರಗೆ ಅಪ್ಪ ಫೋನಿನಲ್ಲಿ ಕಿರುಚುತ್ತಿದ್ದರು: "ನೀಲಿ ಅಲ್ಲ ಸಾಬ್ರೇ, ಕೆಂಪು! ಎಂಜಿನ್ ಕೆಂಪು!"