ಭೋಜರಾಜ ಮಾಡಿದ ಅನುವಾದ

ಒಮಾನಿನ ಸಲಾಲಾ ಬಂದರಿನಲ್ಲಿ ಭೋಜರಾಜ ಹನ್ನೊಂದು ವರ್ಷದಿಂದ ಕ್ರೇನ್ ನಡೆಸುತ್ತಿದ್ದಾನೆ. ಕಂಟೇನರ್ ಎತ್ತುವಾಗ ಅವನ ಕೈ ನಡುಗಿದ್ದನ್ನು ಕಂಡವರಿಲ್ಲ. ಆದರೆ ಆಡಳಿತ ಕಚೇರಿಯ ಶೈಲೇಶನ ಮುಂದೆ ನಿಂತರೆ ಅವನ ಬೆನ್ನು ತಾನಾಗಿ ಬಗ್ಗುತ್ತಿತ್ತು. ಹೆಂಡತಿ ಉಮಾವತಿಯನ್ನೂ ಮಗಳು ದೀಕ್ಷಿತಾಳನ್ನೂ ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು, ಅದಕ್ಕೆ ಕಂಪನಿಯ ಪತ್ರ ಬೇಕು, ಪತ್ರಕ್ಕೆ ಶೈಲೇಶ ಶಿಫಾರಸು ಬರೆಯಬೇಕು. ಫೈಲು ಏಳು ತಿಂಗಳಿಂದ ಅವನ ಮೇಜಿನ ಮೇಲೆ ಬಿದ್ದಿತ್ತು.

ಇಂಥವರನ್ನು ಭೋಜರಾಜ ಹುಟ್ಟಿದಾಗಿನಿಂದ ಕಂಡವನು. ಕಾರ್ಕಳದ ಆಚೆ ಅವನು ಹುಟ್ಟಿದ ದಲಿತರ ಕಾಲೊನಿಗೆ ಚುನಾವಣೆಯ ಹೊತ್ತಿಗೆ ಜೀಪು ಬರುತ್ತಿತ್ತು. ಇಳಿದವರು ವೋಟು ಕೇಳುತ್ತಲೂ ಇರಲಿಲ್ಲ. "ನೀವು ಹೇಗೂ ನಮ್ಮವರೇ" ಎಂದು ತಾವೇ ಹೇಳಿಕೊಂಡು, ಅಂಗಳದಲ್ಲಿ ಕೊಟ್ಟ ನೀರನ್ನು ಮುಟ್ಟದೆ ಹೋಗುತ್ತಿದ್ದರು.

ಶೈಲೇಶ ಕರಾವಳಿಯವರ ಸಂಘದ ಕಾರ್ಯದರ್ಶಿಯೂ ಹೌದು. ಸಂಘದ ಸಮಾನತೆ ಕಾರ್ಯಕ್ರಮಕ್ಕೆ ಅವನು ಅತಿಥಿಯಾಗಿ ಆರಿಸಿದ್ದು ಕರ್ಟಿಸ್‌ನನ್ನು. ಕ್ರೇನ್ ತರಬೇತಿ ಕೊಡುವ ಅಮೆರಿಕದ ಕರಿಯ ಮನುಷ್ಯ. ಕರಿಯ ಎಂಬುದೊಂದೇ ಆರಿಸಲು ಇದ್ದ ಕಾರಣ.

"ಸರ್ಕಾರದ ಯೋಜನೆಯಿಂದ ಉದ್ಧಾರ ಆದೆ ಅಂತ ನಾಲ್ಕು ಮಾತಾಡ್ತಾನೆ. ಊರಿನ ಪಾರ್ಟಿಯವರಿಗೆ ವಿಡಿಯೋ ಕಳಿಸ್ಲಿಕ್ಕುಂಟು. ನಿನಗೆ ಅವನ ಇಂಗ್ಲಿಷ್ ಗೊತ್ತುಂಟಲ್ಲ, ನೀನು ಕನ್ನಡ ಮಾಡು ಮಾರಾಯ" ಎಂದು ಶೈಲೇಶ ಭೋಜರಾಜನಿಗೆ ಹೇಳಿದ.

"ಅವರು ಹಾಗೆ ಮಾತಾಡುವವರಲ್ಲ ಸರ್."

"ಕಪ್ಪು ಜನ ಅಲ್ವಾ? ಮತ್ತೆ ಹೇಗೆ ಮಾತಾಡ್ತಾನೆ? ನಿನ್ನ ಫೈಲ್ ಕೂಡ ಈ ವಾರವೇ ನೋಡುವ."

ಭೋಜರಾಜ ಒಪ್ಪಿಕೊಂಡ.

ಶುಕ್ರವಾರ ಸಂಜೆ ಸಭಾಂಗಣ ತುಂಬಿತ್ತು. ಇಂಗ್ಲಿಷ್ ಬಾರದ ಬಂದರಿನ ಕೆಲಸಗಾರರು ಹಿಂದಿನ ಸಾಲುಗಳಲ್ಲಿ ಕುಳಿತಿದ್ದರು. ಕರ್ಟಿಸ್ ಮೈಕಿನ ಮುಂದೆ ಬಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳತೊಡಗಿದ:

"ಚಿಕ್ಕವನಿದ್ದಾಗ ಸರ್ಕಾರ ಕೊಟ್ಟ ಅನ್ನ ತಿಂದಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ದೇಶದ ಒಂದು ಪಕ್ಷ ಅದಕ್ಕೆ ನಾನು ಸಾಯುವವರೆಗೂ ಕೃತಜ್ಞನಾಗಿರಬೇಕು ಎನ್ನುತ್ತದೆ. ನನ್ನ ಬಿಳಿ ನೆರೆಯವನು ಯಾರಿಗೆ ಬೇಕಾದರೂ ವೋಟು ಹಾಕಬಹುದು. ನಾನು ಬೇರೆಯವರಿಗೆ ಹಾಕಿದರೆ ದ್ರೋಹಿ. ನನ್ನ ತಂಗಿಯೇ ಮಾತು ಬಿಟ್ಟಿದ್ದಾಳೆ. ಮೈಬಣ್ಣ ನೋಡಿ ನನ್ನ ಅಭಿಪ್ರಾಯ ಊಹಿಸುವವನು ನನ್ನನ್ನು ಮನುಷ್ಯ ಎಂದುಕೊಂಡಿಲ್ಲ."

ಶೈಲೇಶನಿಗೆ ಇಂಗ್ಲಿಷ್ ಚೆನ್ನಾಗಿ ಗೊತ್ತು. ಅವನು ಭೋಜರಾಜನ ಕಿವಿಗೆ ಬಾಗಿದ. "ಸರ್ಕಾರಕ್ಕೆ ಧನ್ಯವಾದ ಹೇಳಿದ ಅಂತ ಹೇಳಿ ಮುಗಿಸು. ಇವರಿಗೆ ಎಂತ ಗೊತ್ತಾಗ್ತದೆ?"

ಹಿಂದಿನ ಸಾಲಿನವರು ಅನುವಾದಕ್ಕೆ ಕಾದು ಕುಳಿತಿದ್ದರು. ಶೈಲೇಶನ ಮುಖದಲ್ಲಿ ಜೀಪಿನಿಂದ ಇಳಿಯುತ್ತಿದ್ದವರ ಅದೇ ನಗು. ಇಷ್ಟು ದಿನ ತಾನು ಹೆದರಿದ್ದು ಇವನಿಗೆ! ವಿಡಿಯೋ ಒಂದಕ್ಕೆ ಇಬ್ಬರನ್ನು ವೇದಿಕೆ ಹತ್ತಿಸಿ, ಇಬ್ಬರ ಬಾಯಲ್ಲೂ ತನ್ನ ಮಾತನ್ನೇ ತುರುಕುವ ಈ ಪುಡಾರಿಗೆ! ಭೋಜರಾಜನಿಗೆ ಭಯದ ಜಾಗದಲ್ಲಿ ಹೇಸಿಗೆ ಹುಟ್ಟಿತು.

ಅವನು ಕರ್ಟಿಸ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ನಂತರ, "ಈಗ ಕಾರ್ಯದರ್ಶಿಯವರು, ಇವರು ಸರ್ಕಾರಕ್ಕೆ ಧನ್ಯವಾದ ಹೇಳಿದ್ರು ಅಂತ ಮಾತ್ರ ಹೇಳು ಅಂದ್ರು. ಅದನ್ನೂ ನಿಮಗೆ ಹೇಳಿದ್ದೇನೆ" ಎಂದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

ವಾರದ ಕೆಲಸ ಶುರುವಾಗುವ ಭಾನುವಾರ, ಕಚೇರಿಯಲ್ಲಿ ಶೈಲೇಶ ತಲೆ ಎತ್ತದೆಯೇ ಕೇಳಿದ: "ಭಾರೀ ಲೀಡರ್ ಆಗಿದ್ದಿ ಅಲ್ವಾ? ನಿಮ್ಮವರಿಗೆ ಯಾರು ಎಷ್ಟು ಮಾಡಿದ್ರೂ ನೆನಪಿರುವುದಿಲ್ಲ."

"ನೀವು ಎಂತ ಮಾಡಿದ್ದೀರಿ ಸರ್? ಏಳು ತಿಂಗಳು ಫೈಲಿನ ಮೇಲೆ ಚಾ ಲೋಟ ಇಟ್ಟದ್ದಾ?"

ಭೋಜರಾಜ ಲೋಟವನ್ನು ಪಕ್ಕಕ್ಕೆ ಸರಿಸಿ ಫೈಲು ಎತ್ತಿಕೊಂಡ.

"ಎಲ್ಲಿಗೆ? ನನ್ನ ಶಿಫಾರಸು ಇಲ್ಲದೆ ಮೇಲೆ ಯಾರೂ ಮುಟ್ಟುವುದಿಲ್ಲ. ಹೆಂಡತಿ ಮಗಳನ್ನು ಫೋನಿನಲ್ಲೇ ನೋಡಿಕೊಂಡಿರು."

"ಮುಟ್ಟದಿದ್ದರೆ ಹಾಗೇ ಇರ್ತೇನೆ. ನಿಮ್ಮ ಕೈಗೆ ಮಾತ್ರ ಮತ್ತೆ ಕೊಡುವುದಿಲ್ಲ."

ಕಂಪನಿಯ ಪತ್ರಕ್ಕೆ ಸಹಿ ಹಾಕುವ ಒಮಾನಿ ಮ್ಯಾನೇಜರರ ಕೋಣೆಯ ಹೊರಗೆ ಆಗಲೇ ಆರು ಜನ ಕುಳಿತಿದ್ದರು. ಭೋಜರಾಜ ಏಳನೆಯವನಾಗಿ ಕುಳಿತು ಉಮಾವತಿಗೆ ಫೋನು ಮಾಡಿದ: "ವೀಸಾ ತಡ ಆಗ್ಬಹುದು. ಆಗದೆಯೂ ಹೋಗ್ಬಹುದು. ಆದ್ರೆ ಈ ಸಲ ನಾನೇ ಕೇಳ್ತೇನೆ."