ಚಿಕ್ಕೋರಿಗೆ ಇಟ್ಟ ಊಟ

ಹೊಸೂರಿನಲ್ಲಿ ನಮ್ಮತ್ತೆ ನಡೆಸುತ್ತಿದ್ದ ಮೆಸ್ಸಿನ ಅಡುಗೆಮನೆಯಲ್ಲಿ ಅಂದು ಇದ್ದವರು ಅತ್ತೆ, ಅಡುಗೆಗೆ ಹೊಸದಾಗಿ ಸೇರಿದ್ದ ಸೆಲ್ವಿ, ಶಿಫ್ಟು ಮುಗಿಸಿ ಬಂದಿದ್ದ ನಾನು, ಮತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತ ಮುನಿಯಪ್ಪಣ್ಣ. ಇಲಿ, ಜಿರಲೆ, ತಿಗಣೆ, ಗೆದ್ದಲು ಯಾವುದು ಹೆಚ್ಚಿದರೂ ಊರಿನ ಮನೆ, ಹೋಟೆಲು, ಗೋಡೌನಿನವರು ಅವನನ್ನೇ ಕರೆಯುತ್ತಿದ್ದರು. ಹೊಸದಾಗಿ ಕೊಂಡ ಮೊಬೈಲಿನಲ್ಲೂ ಅವನದು ಪಿಸುಮಾತೇ.

"ಇಲಿ ಜಾಸ್ತಿ ಆಗೈತೆ ಮುನಿಯಪ್ಪ" ಎಂದಳು ಅತ್ತೆ.

"ಮೆತ್ತಗೆ ಅಕ್ಕಾ! ಹೆಸ್ರಿಡಿದು ಕರದ್ರೆ ಕೇಳಿಸ್ಕೊಂತಾವೆ. ಆಮೇಲೆ ಬಾಯಿಗೆ ಹಾಕ್ಕಂತಾವಾ?"

ಇಲಿಗೆ ಅವನು ಇಟ್ಟ ಹೆಸರು ಚಿಕ್ಕೋರು, ಪಾಷಾಣಕ್ಕೆ ಊಟ. ನಮ್ಮ ಹಿರಿಯರೂ ಹಾಗೇ ಮರೆಮಾತು ಆಡುತ್ತಿದ್ದರು. ಆದರೆ ಇಷ್ಟು ಭಕ್ತಿಯಿಂದಲ್ಲ. "ಗಣಪನ ಕುದ್ರೆ ಕಣ್ಲಾ, ಮರ್ಯಾದೆ ಕೊಟ್ಟೇ ಕಳಿಸ್ಬೇಕು" ಎನ್ನುತ್ತಿದ್ದ.

ಬೋಂಡದ ಚೂರುಗಳಿಗೆ ಪಾಷಾಣ ಬೆರೆಸಿ ತಟ್ಟೆಯಲ್ಲಿಟ್ಟು, ಹೊರಡುವಾಗ ಸೆಲ್ವಿಯ ಕಿವಿಯ ಬಳಿ ಬಗ್ಗಿದ: "ಉಗ್ರಾಣದಾಗೆ ಚಿಕ್ಕೋರಿಗೆ ಊಟ ಇಟ್ಟಿವ್ನಿ ಕಣಮ್ಮ."

ಕೃಷ್ಣಗಿರಿ ಕಡೆಯ ತಮಿಳು ಹೆಂಗಸು ಅವಳು, ಕನ್ನಡ ಅಷ್ಟಕ್ಕಷ್ಟೆ, ಅವನ ಮರೆಮಾತು ತಿಳಿಯದು. ಉಗ್ರಾಣದ ಮೂಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಚಿಕ್ಕೋರು ಎಂದರೆ ಆ ಮರಿಗಳೇ ಎಂದುಕೊಂಡಳು. ಅವು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಾಯಿಯಾದರೂ ತಿಂದರೆ ಹಾಲಾದೀತೆಂದು ತಟ್ಟೆಯನ್ನು ಅದರ ಮುಂದೆ ಸರಿಸಿದಳು.

ಮುನಿಯಪ್ಪಣ್ಣ ಮತ್ತೆ ಬಂದಾಗ ಬೆಕ್ಕು ಸೆಟೆದುಕೊಂಡಿತ್ತು. ಮರಿಗಳು ಅದರ ಹೊಟ್ಟೆ ತಡಕುತ್ತಿದ್ದವು.

"ನೀಂಗದಾನೇ ಅಣ್ಣಾ, ನೀವೇ ಚಿಕ್ಕೋರಿಗೆ ಅಂತ ಹೇಳಿದ್ದು..." ಸೆಲ್ವಿ ಅತ್ತಳು.

"ನಿಂದೇನೂ ತಪ್ಪಿಲ್ಲವ್ವ. ನನ್ ನಾಲ್ಗೇದು."

"ಚಿನ್ನದ ಬೆಕ್ಕು ಮಾಡ್ಸಿ ಕಾಶಿಗೆ ಕೊಟ್ಬುಡು, ಪಾಪ ಹೋಯ್ತದೆ" ಎಂದು ಅತ್ತೆ ನಗಿಸಲು ನೋಡಿದಳು. ಅವನು ನಗಲಿಲ್ಲ. ಮರಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಅಲ್ಲಿಂದ ಅವನ ಪಿಸುಮಾತು ನಿಂತಿತು. ಹೋಟೆಲಿನ ಬಾಗಿಲಲ್ಲೇ ನಿಂತು, "ಇಲಿ ಪಾಷಾಣ ಇಡ್ತಾವ್ನಿ! ಎಲಿ ಮರುಂದು! ಎಲುಕಲ ಮಂದು!" ಎಂದು ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯಲ್ಲಿ ಕೂಗುತ್ತಿದ್ದ. ದೋಸೆ ತಿನ್ನುತ್ತಿದ್ದವರು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

"ಇಲಿಗೂ ಕೇಳಿಸ್ತದಲ್ಲಯ್ಯಾ!" ಎನ್ನುತ್ತಿದ್ದರು ಹೋಟೆಲಿನವರು.

"ಕೇಳಿಸ್ಲಿ ಸಾಮಿ. ಓಡೋಗೋವು ಓಡೋಗ್ಲಿ."

ಹೀಗಾದರೆ ಕೆಲಸಕ್ಕೆ ಯಾರು ಕರೆದಾರು?

ಕೊನೆಗೆ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಉದ್ದನಪಲ್ಲಿಗೆ, ಮಗಳ ಮನೆಗೆ ಹೊರಟಿದ್ದ. ಹೆಂಡತಿ ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದಳಂತೆ. ಬುಟ್ಟಿಯಿಂದ ಬೆಕ್ಕೊಂದು ಇಣುಕುತ್ತಿತ್ತು, ಆ ಮರಿಗಳಲ್ಲಿ ಉಳಿದದ್ದು ಅದೊಂದೇ. ಜೇಬಿನಿಂದ ಬನ್ನು ತೆಗೆದು ನನ್ನ ಕೈಗಿಟ್ಟ.

"ನೀನೇ ಹಾಕ್ಲಾ. ಮನೇಲಿ ಹೆಂಡ್ರು ಹಾಕ್ತಿದ್ಲು. ನನ್ ಕೈಯಾಗೆ ಹಾಕಕ್ಕೆ ಧೈರ್ಯ ಬರಾಕಿಲ್ಲ."

ಮುರಿದು ಹಾಕಿದೆ. ಅದು ತಿಂದು ಮುಗಿಸುವವರೆಗೂ ಅವನು ಬೇರೆ ಕಡೆ ನೋಡುತ್ತಾ ನಿಂತಿದ್ದ. ಆಮೇಲೆ ಬಸ್ಸು ಬಂತು.