ಅಮ್ಮನ ಸಾರು ಜ್ಯೂಸ್ ಆದದ್ದು

ಬ್ಲಾಗ್ ಎಂದರೆ ನನಗೆ ಆಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಾಂಪೊಸಿಷನ್ ನೋಟ್‌ಬುಕ್ಕನ್ನು ಕೆಂಪು ಇಂಕಿನಲ್ಲಿ ಅದ್ದಿ ಕೊಡುತ್ತಿದ್ದರು. ಮದರಾಸಿನ ಟ್ರಿಪ್ಲಿಕೇನಿನ ಮನೆಯಲ್ಲಿ ನನ್ನ ಜೊತೆಗಿದ್ದ ತಂಗಿಯ ಮಗಳೋ, ತಿಂದದ್ದು, ಬಸ್ಸು ತಪ್ಪಿದ್ದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕುಟ್ಟಿ ಬ್ಲಾಗಿಗೆ ಹಾಕುತ್ತಿದ್ದಳು.

“ಯಾರೂ ತಿದ್ದದೇ ಇರೋದನ್ನ ಊರಿಗೆಲ್ಲ ತೋರಿಸೋದು, ನೈಟೀಲಿ ಬೀಚಿಗೆ ಹೋದ ಹಾಗೆ. ಯಾರೇ ನಿನ್ನ ಎಡಿಟರ್?”

“ಪೋಂಗ, ಹೋಗಿ ದೊಡ್ಡಮ್ಮ! ಓದೋರೇ ಎಡಿಟರ್. ತಪ್ಪಾದ್ರೆ ಕೆಳಗೇ ಬೈದು ಬರೀತಾರೆ.”

“ದಾರೀಲಿ ಹೋಗೋರೆಲ್ಲ ಎಡಿಟರ್ಸಾ? ಪೇಪರ್ ಅಂದ್ರೆ ಪೇಪರ್ ಕಣೇ.”

ಆ ನಂಬಿಕೆಯಲ್ಲೇ, ಒಂದು ಇಂಗ್ಲಿಷ್ ಪತ್ರಿಕೆ ತನ್ನ ವೆಬ್‌ಸೈಟಿಗೆ ಮನೆಯಡುಗೆ ಬರೆದು ಕಳಿಸಿ ಎಂದಾಗ, ಅಮ್ಮನ ಮೆಣಸಿನ ಸಾರನ್ನು ಕಳಿಸಿದೆ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅವಳ ಹೆಸರು ಒಂದು ಸಲವಾದರೂ ಪತ್ರಿಕೆಯಲ್ಲಿ ಬರಲಿ ಎಂಬ ಆಸೆ. ಬರೆದದ್ದು ಇಂಗ್ಲಿಷಿನಲ್ಲೇ, ಆದರೆ ‘ಸಾರು’ ಎಂಬುದನ್ನು ಹಾಗೇ ಬಿಟ್ಟೆ. ಮದರಾಸಿನಲ್ಲಿ ಅರವತ್ತು ವರ್ಷ ಬಾಳಿದರೂ ಅಮ್ಮ ಅದನ್ನು ರಸಂ ಎಂದವಳಲ್ಲ.

ತಮಿಳಿನಲ್ಲಿ ಸಾರು ಎಂದರೆ ಹಣ್ಣು ಹಿಂಡಿದ ರಸ. ಪತ್ರಿಕೆಯ ಆಫೀಸಿನಲ್ಲಿ ಕೂತಿದ್ದ ಯಾವನೋ ಜಾಣ ‘ಪೆಪ್ಪರ್ ಜ್ಯೂಸ್’ ಎಂದು ಹೆಡಿಂಗ್ ಕೊಟ್ಟ. ಕೊನೆಗೆ ತನ್ನದೇ ಒಂದು ಸಾಲು: ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಸರ್ವ್ ಮಾಡಿ. ಕೆಳಗೆ ಅಮ್ಮನ ಹೆಸರು.

ಮೈಸೂರಿನಿಂದ ತಂಗಿಯ ಫೋನು. “ಏನಕ್ಕಾ, ಅಮ್ಮನ ಸಾರಿಗೆ ಸ್ಟ್ರಾ ಕೂಡ ಕೊಡ್ತಾರಾ?”

ನನಗೆ ನಗು ಬರಲಿಲ್ಲ. ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಮೂರು ಇ-ಮೇಲ್ ಕಳಿಸಿದೆ. ಮೂರಕ್ಕೂ ಒಂದೇ ಥ್ಯಾಂಕ್ ಯೂ, ಮೆಷಿನ್ ಕಳಿಸಿದ್ದು. ಕಾಗದದ ಪತ್ರಿಕೆಯಾಗಿದ್ದರೆ ಯಾವುದೋ ಮೂಲೆಯಲ್ಲಾದರೂ ‘ತಪ್ಪಾಗಿದೆ, ವಿಷಾದಿಸುತ್ತೇವೆ’ ಎಂದಿರುತ್ತಿತ್ತು. ವಾರದ ಮೇಲೆ ನೋಡಿದರೆ ಪುಟವೇ ಇಲ್ಲ. ತಪ್ಪೂ ಇಲ್ಲ, ಸಾರೂ ಇಲ್ಲ, ಅಮ್ಮನೂ ಇಲ್ಲ. ಮೂತಿ ಒರೆಸಿಕೊಂಡು ಹೋಗುವುದಕ್ಕೆ ಪತ್ರಿಕೆ ಎಂಬ ದೊಡ್ಡ ಹೆಸರು ಬೇರೆ!

ಅವತ್ತು ಹುಡುಗಿಯ ಬ್ಲಾಗನ್ನು ಮೊದಲ ಸಲ ಇಣುಕಿ ನೋಡಿದೆ. ಹರಟೆಯೇ ಹರಟೆ, ಸ್ಪೆಲಿಂಗ್ ದೇವರಿಗೇ ಪ್ರೀತಿ. ಆದರೆ ಒಂದು ಕಡೆ, ಕೋಯಂಬೇಡು ಮಾರ್ಕೆಟ್ಟಿನಲ್ಲಿ ಕೊಂಡ ಸೊಪ್ಪಿನ ಹೆಸರನ್ನು ತಪ್ಪು ಬರೆದಿದ್ದಳು. ಓದಿದವರು ಯಾರೋ ಬೈದಿದ್ದರು. ಅವಳು ತಪ್ಪನ್ನು ಅಳಿಸಿರಲಿಲ್ಲ. ಮೇಲೊಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದಿದ್ದಳು. ರಬ್ಬರ್ ಉಜ್ಜಬೇಡಿ, ಒಂದು ಗೆರೆ ಎಳೆಯಿರಿ ಎಂದು ಸಿಸ್ಟರ್ ಹೇಳಿಕೊಟ್ಟದ್ದು ಅದನ್ನೇ.

ಹುಡುಗಿಯನ್ನು ಕರೆದು, “ಅಜ್ಜಿ ಸಾರು ಹೇಳ್ತೀನಿ, ಬರ್ಕೋ,” ಎಂದೆ.

“ಬ್ಲಾಗಿಗಾ? ನೈಟೀಲಿ ಬೀಚಿಗಾ, ದೊಡ್ಡಮ್ಮ?”

“ಬಾಯಿ ಮುಚ್ಕೊಂಡು ಬರ್ಕೋ. ಮೊದಲು ‘ಪೆಪ್ಪರ್ ಜ್ಯೂಸ್’ ಅಂತ ಹಾಕು. ಅದರ ಮೇಲೆ ಗೆರೆ ಎಳಿ. ಪಕ್ಕದಲ್ಲಿ ಸಾರು ಅಂತ ಬರಿ.”